ಸಮಸ್ಯಾಪೂರಣ ಮತ್ತು ಪಾರ್ಶ್ವಾಭ್ಯುದಯದ ಪಾಠಸಾಕ್ಷ್ಯ

ಒಂದು ಪಾದವನ್ನು ಕೊಟ್ಟು ಉಳಿದ ಪಾದಗಳನ್ನು ಕವಿಯಿಂದ ತುಂಬಿಸುವ ಸಮಸ್ಯಾಪೂರಣವು ಭಾರತೀಯ ಕಾವ್ಯಾಭ್ಯಾಸದ ಪ್ರಾಚೀನ ಸಾಧನಗಳಲ್ಲಿ ಒಂದು. ವಾತ್ಸ್ಯಾಯನನು ಕಾಮಸೂತ್ರದಲ್ಲಿ ಎಣಿಸಿರುವ 64 ಕಲೆಗಳಲ್ಲಿ ಇದಕ್ಕೂ ಸ್ಥಾನವಿದೆ. ಹನ್ನೊಂದನೆಯ ಶತಮಾನದಲ್ಲಿ ಕಾಶ್ಮೀರದ ಕ್ಷೇಮೇಂದ್ರನು ಕವಿಕಂಠಾಭರಣವನ್ನು ರಚಿಸುವಾಗ, ಕವಿಯಾಗಬಯಸುವವನು ಅರ್ಥದ ಹಂಗಿಲ್ಲದೆ ಪದಗಳನ್ನು ಜೋಡಿಸಿಯಾದರೂ ವೃತ್ತದ ನಡೆಯನ್ನು ವಶಮಾಡಿಕೊಳ್ಳಬೇಕೆಂದೂ, ಹಿಂದಿನವರ ಪದ್ಯದಲ್ಲಿ ಪದಗಳನ್ನು ಬದಲಿಸಿ ಪಳಗಬೇಕೆಂದೂ ವಿಧಿಸಿದನು. ಕವಿತ್ವವು ಪ್ರತಿಭೆಯೊಂದರಿಂದಲೇ ಬರುತ್ತದೆಂಬ ಮಾತನ್ನು ಆ ಕಾಲದ ಗುರುಗಳು ಅಷ್ಟಾಗಿ ನಂಬಿದಂತೆ ತೋರುವುದಿಲ್ಲ.

ಕನ್ನಡದಲ್ಲಿ ಈ ಅಭ್ಯಾಸಕ್ಕೆ ಕಂದವು ಒಳ್ಳೆಯ ಒರೆಗಲ್ಲು. ನಾಲ್ಕು ಪಾದಗಳಲ್ಲಿ ಒಟ್ಟು 64 ಮಾತ್ರೆಗಳು ಮಾತ್ರ. ಮೇಲಾಗಿ ದ್ವಿತೀಯಾಕ್ಷರಪ್ರಾಸದ ಕಟ್ಟು. ಸಮಸ್ಯೆಯ ಪಾದವನ್ನು ಕೊಟ್ಟೊಡನೆ ಉಳಿದ ಮೂರು ಪಾದಗಳ ಎರಡನೆಯ ವ್ಯಂಜನವೂ ನಿಶ್ಚಿತವಾಗಿಬಿಡುತ್ತದೆ. ಕೊಡುವ ಪಾದವು ಸಾಮಾನ್ಯವಾಗಿ ಲೋಕವಿರುದ್ಧವಾದ ಅರ್ಥವುಳ್ಳದ್ದು. ಹಿಂದಿನ ಪಾದದ ಕೊನೆಯ ಅಕ್ಷರವನ್ನು ಅದಕ್ಕೆ ಸೇರಿಸಿಯೋ, ಪದವನ್ನು ಬೇರೆ ರೀತಿಯಲ್ಲಿ ಒಡೆದೋ ಪೂರಣಕಾರನು ಅದನ್ನು ಸಂಗತಗೊಳಿಸುತ್ತಾನೆ. ಅವಧಾನಸಭೆಗಳಲ್ಲಿ ದತ್ತಪದಿ, ನಿಷೇಧಾಕ್ಷರಿಗಳೊಡನೆ ಇದು ಇಂದಿಗೂ ಉಳಿದು ಬಂದಿದೆ.

ಸಭೆಯ ಈ ಸಣ್ಣ ಕೌಶಲವನ್ನೇ ಒಂದು ಸಮಗ್ರ ಕಾವ್ಯದ ವಿಸ್ತಾರಕ್ಕೆ ಒಯ್ದವನು ವೀರಸೇನರ ಶಿಷ್ಯನಾದ ಜಿನಸೇನಾಚಾರ್ಯ. ಗುರುವು ಅರ್ಧಕ್ಕೆ ಬಿಟ್ಟ ಜಯಧವಳಾ ಟೀಕೆಗೆ 40,000 ಗ್ರಂಥಪ್ರಮಾಣದಷ್ಟು ಸೇರಿಸಿ ಶಕ 759ರಲ್ಲಿ (ಕ್ರಿ.ಶ. 837) ಮುಗಿಸಿದ ವಿದ್ವಾಂಸನೇ ಈ ಕೌಶಲದಲ್ಲಿಯೂ ತೊಡಗಿದನೆಂಬುದು ಸ್ವಾರಸ್ಯಕರವಾದ ಸಂಗತಿ. ಅವನ ಪಾರ್ಶ್ವಾಭ್ಯುದಯವು ನಾಲ್ಕು ಸರ್ಗಗಳ, 364 ಪದ್ಯಗಳ ಕೃತಿ. ಕಾಳಿದಾಸನ ಮೇಘದೂತದ ಪಾದಗಳೆಲ್ಲವೂ ಅನುಕ್ರಮವಾಗಿ ಇದರೊಳಗೆ ಅಡಗಿವೆ. ಒಂದು ಪದ್ಯದಲ್ಲಿ ಒಂದೋ ಎರಡೋ ಪಾದಗಳು ಕಾಳಿದಾಸನವು, ಮಿಕ್ಕವು ಜಿನಸೇನನವು. ಮಂದಾಕ್ರಾಂತಾ ವೃತ್ತದ ಪಾದದಲ್ಲಿ ಅಕ್ಷರಗಳು 17. ಯತಿಯು 4, 6, 7ರಂತೆ ಬೀಳುತ್ತದೆ. ಈ ನಿಧಾನಗತಿಯ ವೃತ್ತದಲ್ಲಿ ಪರಕೀಯ ಪಾದಕ್ಕೆ ಹೊಂದುವ ಮಾತನ್ನು ನೂರಾರು ಪದ್ಯಗಳ ಉದ್ದಕ್ಕೂ ಹೊಸೆಯುವುದು ಸುಲಭಸಾಧ್ಯವಲ್ಲ.

ಅದಕ್ಕಿಂತಲೂ ಕಠಿನವಾದುದು ಅರ್ಥದ ಹೊಂದಾಣಿಕೆ. ಮೂಲದಲ್ಲಿರುವುದು ವಿರಹಿಯಾದ ಯಕ್ಷನ ಬಿನ್ನಹ. ಇಲ್ಲಿಯ ವಸ್ತುವಾದರೋ ಧ್ಯಾನಸ್ಥನಾದ ಪಾರ್ಶ್ವನ ಮೇಲೆ ಪೂರ್ವಜನ್ಮದ ವೈರಿಯಾದ ಕಮಠನು ಶಂಬರನಾಗಿ ಬಂದು ಎಸಗುವ ಉಪಸರ್ಗ. ಯುದ್ಧದಲ್ಲಿ ಮಡಿದು ಮೇಘವಾಗಿ ಅಲಕೆಗೆ ಹೋಗೆಂದು ಶಂಬರನು ಹೇಳುವಂತೆ ಮಾಡಿ, ಕವಿಯು ಕಾಳಿದಾಸನ ಮಾರ್ಗವರ್ಣನೆಯನ್ನು ಒಳಕ್ಕೆ ತಂದಿದ್ದಾನೆ. ಕೆಲವೆಡೆ ಈ ಬೆಸುಗೆ ಬಲಾತ್ಕಾರದ್ದೆನಿಸುವುದನ್ನು ಒಪ್ಪಬೇಕು. ಶೃಂಗಾರದ ಪಾದಗಳನ್ನೇ ವೈರಾಗ್ಯಕಥೆಯಲ್ಲಿ ನಿಲ್ಲಿಸಿದ ಧೈರ್ಯವನ್ನು ಮಾತ್ರ ಅಲ್ಲಗಳೆಯಲಾಗದು.

ಹಸ್ತಪ್ರತಿಶಾಸ್ತ್ರದ ದೃಷ್ಟಿಯಿಂದ ಈ ಕೃತಿಯ ಬೆಲೆ ಬೇರೊಂದು ಬಗೆಯದು. ಮೇಘದೂತದ ಇಡೀ ಪಾಠವನ್ನು ಒಳಗೊಂಡ ಸಾಕ್ಷಿಗಳಲ್ಲಿ ಇದೇ ಅತ್ಯಂತ ಹಳೆಯದು. ಇದನ್ನು ಮನಗಂಡ ಕೆ. ಬಿ. ಪಾಠಕ್ ಅವರು 1894ರಲ್ಲಿ ಪಾರ್ಶ್ವಾಭ್ಯುದಯದಿಂದಲೇ ಮೇಘದೂತವನ್ನು ಎತ್ತಿ ಪುಣೆಯಲ್ಲಿ ಪ್ರಕಟಿಸಿದರು. ಅಮೋಘವರ್ಷ ನೃಪತುಂಗನ ಆಸ್ಥಾನದ ಕವಿರಾಜಮಾರ್ಗವನ್ನು 1898ರಲ್ಲಿ ಬೆಳಕಿಗೆ ತಂದವರೂ ಅವರೇ. ಜಿನಸೇನನ ಮುಂದಿದ್ದ ಮೇಘದೂತದಲ್ಲಿ 120 ಪದ್ಯಗಳಿದ್ದವು. ಹತ್ತನೆಯ ಶತಮಾನದ ಕಾಶ್ಮೀರದ ವಲ್ಲಭದೇವನು ವ್ಯಾಖ್ಯಾನಿಸಿದುದು 111 ಪದ್ಯಗಳನ್ನು ಮಾತ್ರ. ಎಸ್. ಕೆ. ಡೇ ಅವರು 1957ರಲ್ಲಿ ಸಾಹಿತ್ಯ ಅಕಾಡೆಮಿಗಾಗಿ ಸಿದ್ಧಪಡಿಸಿದ ಪರಿಷ್ಕರಣದಲ್ಲಿ ವಲ್ಲಭದೇವನ ಸಂಖ್ಯೆಯನ್ನೇ ಮಾನ್ಯಮಾಡಿದರು. ಹಾಗಾದರೆ ಹಳೆಯ ಸಾಕ್ಷಿಯೇ ಶುದ್ಧವೆನ್ನುವಂತಿಲ್ಲ. ಪ್ರಕ್ಷೇಪಗಳು ಜಿನಸೇನನ ಕಾಲಕ್ಕಾಗಲೇ ದಕ್ಷಿಣದ ಪಾಠದಲ್ಲಿ ಸೇರಿಹೋಗಿದ್ದವೆಂದು ತಿಳಿಯಬೇಕಾಗುತ್ತದೆ.

ಸಮಸ್ಯಾಪೂರಣದಲ್ಲಿ ಉಳಿದ ಪಾಠಕ್ಕೆ ಒಂದು ವಿಶೇಷ ಬಲವುಂಟು. ಬಿಡಿ ಪದ್ಯವನ್ನು ಲಿಪಿಕಾರನು ಕೈಬಿಟ್ಟರೆ ಓದುಗನಿಗೆ ಗೊತ್ತಾಗದೆ ಹೋಗಬಹುದು. ಇಲ್ಲಿ ಒಂದು ಪಾದ ಬಿದ್ದರೂ ಹೊಸ ಪದ್ಯ ಕುಂಟುತ್ತದೆ, ಕ್ರಮವೂ ಕೆಡುವಂತಿಲ್ಲ. ಆದುದರಿಂದ ಪದ್ಯಗಳ ಸಂಖ್ಯೆ ಮತ್ತು ಅನುಕ್ರಮಗಳ ವಿಷಯದಲ್ಲಿ ಪಾರ್ಶ್ವಾಭ್ಯುದಯವನ್ನು ನಿಶ್ಶಂಕೆಯಿಂದ ನಂಬಬಹುದು. ಪದಪದದ ಪಾಠಾಂತರಗಳ ಮಾತು ಹಾಗಲ್ಲ. ಮೇಘದೂತವು ಕಂಠಸ್ಥವಾಗಿದ್ದ ಲಿಪಿಕಾರನ ಕೈ ತನ್ನ ಊರಿನಲ್ಲಿ ರೂಢವಾಗಿದ್ದ ಪಾಠವನ್ನೇ ತಾನಾಗಿ ಬರೆದುಬಿಡುವುದು ಸಹಜ. ಛಂದಸ್ಸು ಅದನ್ನು ತಡೆಯಲಾರದು. ಜಿನಸೇನನ ಸ್ವಂತ ಪಾದವು ಪಕ್ಕದ ಪದವನ್ನು ಅನ್ವಯದಿಂದ ಬಿಗಿದಿರುವ ಕಡೆಗಳಲ್ಲಿ ಮಾತ್ರ ಆ ಪಾಠವು ಅವನದೇ ಎಂದು ದೃಢವಾಗಿ ಹೇಳಬಹುದು.

ಕಾಲದ ತೊಡಕೂ ಒಂದಿದೆ. ಪುನ್ನಾಟಸಂಘದ ಇನ್ನೊಬ್ಬ ಜಿನಸೇನನು ಶಕ 705ರಲ್ಲಿ (ಕ್ರಿ.ಶ. 783) ಮುಗಿಸಿದ ಹರಿವಂಶಪುರಾಣದಲ್ಲಿ ಈತನ ಪಾರ್ಶ್ವಜಿನಸ್ತುತಿಯ ಪ್ರಶಂಸೆಯಿದೆ. ಪಾರ್ಶ್ವಾಭ್ಯುದಯದ ಕೊನೆಯಲ್ಲಿಯಾದರೋ 814ರಲ್ಲಿ ಪಟ್ಟವೇರಿದ ಅಮೋಘವರ್ಷನ ಹೆಸರಿದೆ. ಆ ಸ್ತುತಿಯು ಬೇರೊಂದು ಕೃತಿಯಾಗಿರಬೇಕು, ಇಲ್ಲವೇ ಅಂತ್ಯಪದ್ಯಗಳು ಅನಂತರ ಸೇರಿರಬೇಕು. ಎರಡರಲ್ಲಿ ಯಾವುದನ್ನು ಒಪ್ಪಿದರೂ ವಲ್ಲಭದೇವನಿಗಿಂತ ಈ ಸಾಕ್ಷ್ಯವು ಹಳೆಯದೆಂಬುದಕ್ಕೆ ಬಾಧೆಯಿಲ್ಲ. ಕಾಳಿದಾಸನೇ ಬಂಕಾಪುರಕ್ಕೆ ಬಂದು ಜಿನಸೇನನನ್ನು ಕೆಣಕಿದನೆಂದು ಟೀಕಾಕಾರ ಯೋಗಿರಾಟ್ ಪಂಡಿತಾಚಾರ್ಯನು ಹೇಳುವ ಕಥೆಯನ್ನು ಇತಿಹಾಸವೆಂದು ತೆಗೆದುಕೊಳ್ಳುವಂತಿಲ್ಲ. ಇಬ್ಬರ ನಡುವೆ ಕೆಲವು ಶತಮಾನಗಳ ಅಂತರವಿದೆ.

ಮುಂದಿನ ಜೈನಕವಿಗಳು ಹೊರೆಯನ್ನು ಹಗುರಮಾಡಿಕೊಂಡರು. ವಿಕ್ರಮನ ನೇಮಿದೂತದಲ್ಲಿಯೂ ಚಾರಿತ್ರಸುಂದರಗಣಿಯ ಶೀಲದೂತದಲ್ಲಿಯೂ ಮೇಘದೂತದ ನಾಲ್ಕನೆಯ ಪಾದಗಳಷ್ಟೇ ಸಮಸ್ಯೆಗಳು. ಹದಿನೇಳನೆಯ ಶತಮಾನದ ಮೇಘವಿಜಯನು ಅವೇ ಕೊನೆಯ ಪಾದಗಳಿಂದ ಮೇಘದೂತಸಮಸ್ಯಾಲೇಖವನ್ನು ರಚಿಸಿ, ಔರಂಗಾಬಾದಿನಲ್ಲಿದ್ದುಕೊಂಡು ದೂರದಲ್ಲಿದ್ದ ಗುರು ವಿಜಯಪ್ರಭಸೂರಿಗೆ ಅದನ್ನೇ ಪತ್ರವಾಗಿ ಬರೆದನು.