ನಾಯಿಗೆ ಬೆಲೆ ಎಷ್ಟು?

"ನಾಯಿ ಬೆಲೆ ಎಷ್ಟು ಅಂತ ಬರೀಲಿ ಸಾರ್?"

ವಿಮೆ ಏಜೆಂಟರು ಫಾರಂ ತೊಡೆ ಮೇಲೆ ಇಟ್ಟುಕೊಂಡು ಹೀಗೆ ಕೇಳಿದಾಗ ನಾನು ಕರಿಯನ ಮುಖ ನೋಡಿದೆ. ಕರಿಯ ನನ್ನ ಮುಖ ನೋಡಿದ. ಏಳು ವರ್ಷದ ಹಿಂದೆ ಒಂದು ಮಳೆ ಸಂಜೆ, ಚೌಡಯ್ಯ ಸ್ಮಾರಕ ಭವನದಲ್ಲಿ ಕಚೇರಿ ಕೇಳಿ ಮನೆಗೆ ನಡೆದು ಬರುವಾಗ ಮೋರಿ ಪಕ್ಕ ಸಿಕ್ಕಿದ ಮರಿ ಅದು. ದುಡ್ಡು ಕೊಟ್ಟು ತಂದದ್ದಲ್ಲ. ಮಾರ್ತೀನಿ ಅಂದ್ರೂ ತಗೊಳ್ಳೋರಿಲ್ಲ. ಏನಂತ ಬರೆಸೋದು?

"ಸೊನ್ನೆ ಅಂತ ಬರೀಬಹುದಾ?" ಅಂದೆ. ಅವರು ನಕ್ಕರು. ಆ ಪ್ರಶ್ನೆ ಮಾತ್ರ ನನ್ನ ತಲೆಯೊಳಗೇ ಉಳೀತು. ಅದರ ಬೆನ್ನು ಹತ್ತಿ ಹೋಗಿದ್ದರ ಫಲ ಈ ಬರಹ. ಸ್ವಲ್ಪ ಉದ್ದವಾಗಿದೆ, ಸಹಿಸಿಕೊಳ್ಳಿ.

ಇಷ್ಟು ವರ್ಷ ಇಲ್ಲದ ವಿಮೆ ಯೋಚನೆ ಈಗ ಯಾಕೆ ಬಂತು ಅಂತ ಮೊದಲು ಹೇಳಿಬಿಡ್ತೀನಿ. ಅವತ್ತು ಬೆಳಿಗ್ಗೆ ಗೇಟಿನ ಚಿಲಕ ಹಾಕೋಕೆ ಮರೆತವನು ನಾನೇ. ಪೇಪರ್ ಹಾಕೋ ಹುಡುಗ ಸೈಕಲ್ ನಿಲ್ಲಿಸಿ ಒಳಗೆ ಕಾಲಿಟ್ಟ. ಕರಿಯ ಹೋಗಿ ಅವನ ಮೀನಖಂಡಕ್ಕೆ ಬಾಯಿ ಹಾಕಿದ. ಗಾಯ ದೊಡ್ಡದಲ್ಲ, ಆದರೆ ರಕ್ತ ಬಂದಿತ್ತು. ನಲ್ಲಿ ಕೆಳಗೆ ಕಾಲಿಟ್ಟು ಸೋಪು ಹಚ್ಚಿ ತೊಳೆದು ಆಸ್ಪತ್ರೆಗೆ ಕರ್ಕೊಂಡು ಹೋದೆ. ಅಷ್ಟರಲ್ಲಿ ಅವನ ತಾಯಿ ಓಡಿ ಬಂದರು. ನನ್ನನ್ನು ಬೈಯಲಿಲ್ಲ. ಒಂದೇ ಒಂದು ಮಾತು ಕೇಳಿದರು: "ನಾಯಿಗೆ ಸೂಜಿ ಹಾಕ್ಸಿದೀರಾ ಸಾರ್?"

ಹಾಕಿಸಿದ್ದೆ. ಆದರೆ ಆ ವರ್ಷದ್ದಲ್ಲ. ಪುಸ್ತಕದಲ್ಲಿದ್ದ ತಾರೀಖು ದಾಟಿ ನಾಲ್ಕು ತಿಂಗಳಾಗಿತ್ತು. ಆ ತಾಯಿಯ ಎದುರು ನಿಂತು ಅದನ್ನು ಹೇಳಿದ ಕ್ಷಣ ಇವತ್ತಿಗೂ ಮರೆತಿಲ್ಲ.

ಹುಡುಗನಿಗೆ ಐದು ಸೂಜಿ. ಮೊದಲ ದಿನ, ಆಮೇಲೆ ಮೂರು, ಏಳು, ಹದಿನಾಲ್ಕು, ಇಪ್ಪತ್ತೆಂಟನೇ ದಿನ. ಹಿಂದೆ ಹೊಕ್ಕುಳ ಸುತ್ತ ಹದಿನಾಲ್ಕು ಚುಚ್ಚುತ್ತಿದ್ದರಲ್ಲ, ನರಾಂಗಾಂಶದಿಂದ ಮಾಡಿದ ಆ ಹಳೇ ಲಸಿಕೆ 2005ರ ಹೊತ್ತಿಗೆ ದೇಶದಲ್ಲಿ ನಿಂತುಹೋಗಿದೆ. ಇನ್ನೂ ಹಿಂದಕ್ಕೆ ಹೋದರೆ, 1907ರಲ್ಲಿ ಕೂನೂರಿನಲ್ಲಿ ಪಾಶ್ಚರ್ ಸಂಸ್ಥೆ ಶುರುವಾದ ಕಾಲಕ್ಕೆ, ನಾಯಿ ಕಚ್ಚಿದ ದಕ್ಷಿಣದವರು ಚಿಕಿತ್ಸೆಗೆ ನೀಲಗಿರಿ ಬೆಟ್ಟ ಹತ್ತಬೇಕಿತ್ತು. ಇತ್ತ ಕರಿಯನ ಮೇಲೆ ಹತ್ತು ದಿನ ಕಣ್ಣಿಡಿ ಅಂದರು ಡಾಕ್ಟರು. ಆ ಹತ್ತು ದಿನ ಅವನು ನೀರು ಕುಡಿಯುವುದನ್ನು ಅಮ್ಮ, ನಾನು ಸರದಿ ಮೇಲೆ ನೋಡುತ್ತಾ ಕೂತಿದ್ದೆವು. ಏನೂ ಆಗಲಿಲ್ಲ. ಹುಡುಗನೂ ಆರಾಮಾದ. ಆದರೆ ತಪ್ಪು ತಪ್ಪೇ.

*

ಈಗ ಬೆಲೆ ವಿಷಯಕ್ಕೆ ಬರೋಣ.

ಕಸ್ತೂರಬಾ ರಸ್ತೆಯ ಸರ್ಕಾರಿ ವಸ್ತುಸಂಗ್ರಹಾಲಯಕ್ಕೆ ಹೋದವರು ಆತಕೂರು ಶಾಸನ ನೋಡಿರಬಹುದು. ಮದ್ದೂರು ತಾಲ್ಲೂಕಿನ ಆತಕೂರಿನಿಂದ ತಂದ ಕಲ್ಲು, ಕ್ರಿ.ಶ. 949-50ರದ್ದು. ಚೋಳರ ರಾಜಾದಿತ್ಯ ಸತ್ತ ತಕ್ಕೋಲದ ಯುದ್ಧದ ಮಾತು ಅದರಲ್ಲಿದೆ ಅಂತ ಚರಿತ್ರೆಯವರು ಅದನ್ನು ಓದುತ್ತಾರೆ. ನನಗೆ ಬೇಕಾದದ್ದು ಕಾಳಿ ಅನ್ನೋ ನಾಯಿಯ ಕಥೆ. ಯುದ್ಧದಲ್ಲಿ ಶೌರ್ಯ ತೋರಿದ ಮಣಲೇರ, ಏನು ಬೇಕೋ ಕೇಳು ಅಂದಾಗ ಊರು ಕೇಳಲಿಲ್ಲ, ಈ ಬೇಟೆನಾಯಿಯನ್ನು ಕೇಳಿ ಪಡೆದ. ಮುಂದೆ ಕಾಳಿ ಒಂದು ದೊಡ್ಡ ಕಾಡುಹಂದಿಯ ಮೇಲೆ ಬಿದ್ದು, ಹಂದಿಯೂ ಸತ್ತು ತಾನೂ ಸತ್ತಿತು. ಮಣಲೇರ ದೇವಸ್ಥಾನದ ಮುಂದೆ ಕಲ್ಲು ನಿಲ್ಲಿಸಿ, ಪೂಜೆಗೆ ಅಂತ ಭೂಮಿ ಬಿಟ್ಟ. ಜೊತೆಗೊಂದು ಷರತ್ತು: ಅಲ್ಲಿನ ಗೊರವ ಆ ಕಲ್ಲಿಗೆ ಪೂಜೆ ಮಾಡದೆ ಉಂಡರೆ ನಾಯಿಯ ಪಾಪ ಅವನಿಗೆ ತಟ್ಟುತ್ತದೆ.

ನನ್ನ ಕಣ್ಣಿಗೆ ಅದು ಸಾವಿರ ವರ್ಷ ಹಳೆಯ ಪಾಲಿಸಿ ಥರ ಕಂಡಿತು. ಹಣ ಕಟ್ಟಿದೆ, ಷರತ್ತಿದೆ, ತಪ್ಪಿದರೆ ದಂಡವೂ ಇದೆ. ನಾಯಿಯ ಬೆಲೆ ಎಷ್ಟು ಅನ್ನೋ ಕಾಲಂ ಮಾತ್ರ ಇಲ್ಲ.

ಆ ಕಾಲಂ ಆಮೇಲೆ ಬಂತು, ಕಾನೂನಿನ ಮೂಲಕ. 1860ರ ಭಾರತೀಯ ದಂಡ ಸಂಹಿತೆ ತೆಗೆದು ನೋಡಿ. ಕಲಂ 428ರ ಪ್ರಕಾರ ಹತ್ತು ರೂಪಾಯಿ ಅಥವಾ ಹೆಚ್ಚು ಬೆಲೆಯ ಪ್ರಾಣಿಯನ್ನು ಕೊಂದರೆ, ಊನ ಮಾಡಿದರೆ ಎರಡು ವರ್ಷದವರೆಗೆ ಜೈಲು. ಕಲಂ 429ರಲ್ಲಿ ಆನೆ, ಒಂಟೆ, ಕುದುರೆ, ಎಮ್ಮೆ, ಹಸು, ಎತ್ತು ಎಲ್ಲಾ ಹೆಸರು ಹಿಡಿದು ಹೇಳಿದ್ದಾರೆ, ಅವುಗಳ ಬೆಲೆ ಎಷ್ಟಾದರೂ ಸರಿ, ಐದು ವರ್ಷದವರೆಗೆ. ಬೇರೆ ಪ್ರಾಣಿಯಾದರೆ ಐವತ್ತು ರೂಪಾಯಿ ಬಾಳಬೇಕು. ನಾಯಿಯ ಹೆಸರು ಪಟ್ಟಿಯಲ್ಲಿಲ್ಲ. ಅಂದರೆ ಹತ್ತು ರೂಪಾಯಿ ಬಾಳದ ಕರಿಯನಂಥವರಿಗೆ ಈ ಎರಡು ಕಲಮುಗಳಲ್ಲೂ ಜಾಗವಿರಲಿಲ್ಲ!

1952ರಲ್ಲಿ ರಾಜ್ಯಸಭೆಗೆ ಬಂದ ನೃತ್ಯಗಾತಿ ರುಕ್ಮಿಣಿ ದೇವಿ ಅರುಂಡೇಲ್ ಹಿಡಿದ ಹಟದಿಂದ 1960ರಲ್ಲಿ ಪ್ರಾಣಿ ಹಿಂಸೆ ತಡೆ ಕಾಯ್ದೆ ಬಂತು. ಸಾಕಿದ ಪ್ರಾಣಿಯ ಯೋಗಕ್ಷೇಮ ಸಾಕಿದವನ ಕರ್ತವ್ಯ ಅಂತ ಅದರ ಮೂರನೇ ಕಲಂ ಹೇಳುತ್ತೆ. ಸಾಕು ಸಾಕಾಯ್ತು ಅಂತ ಬೀದಿಗೆ ಬಿಟ್ಟು ಬರೋದು ಹನ್ನೊಂದನೇ ಕಲಮಿನಡಿ ಅಪರಾಧ. ಮೊದಲ ಸಲದ ದಂಡ ಮಾತ್ರ ಹತ್ತರಿಂದ ಐವತ್ತು ರೂಪಾಯಿ.

2024ರ ಜುಲೈ 1ರಂದು ಭಾರತೀಯ ನ್ಯಾಯ ಸಂಹಿತೆ ಜಾರಿಗೆ ಬಂದಾಗ ಹತ್ತು-ಐವತ್ತರ ಲೆಕ್ಕ ಹೊರಟುಹೋಯ್ತು. ಅದರ 325ನೇ ಕಲಮಿನಲ್ಲಿ ಯಾವ ಪ್ರಾಣಿಯಾದರೂ ಒಂದೇ, ಐದು ವರ್ಷದವರೆಗೆ ಶಿಕ್ಷೆ. ನೂರಾ ಅರವತ್ತು ಚಿಲ್ಲರೆ ವರ್ಷದ ನಂತರ ಬೀದಿನಾಯಿಯ ಬೆಲೆ ಕೇಳೋದನ್ನು ಆ ಕಾನೂನು ನಿಲ್ಲಿಸಿತು.

*

ಹಾಗಾದರೆ ವಿಮೆಯವರು ಯಾಕೆ ಇನ್ನೂ ಕೇಳ್ತಾರೆ? ಅದಕ್ಕೂ ಒಂದು ಚರಿತ್ರೆ ಇದೆ.

ನಮ್ಮ ಮೈಸೂರು ಸೀಮೆಗೆ ವಿಮೆ ಹೊಸದಲ್ಲ. ಸರ್ಕಾರಿ ನೌಕರರಿಗಾಗಿ 1891ರಲ್ಲೇ ಸರ್ಕಾರದ ಜೀವ ವಿಮೆ ಶುರುವಾಗಿತ್ತು, ಇವತ್ತಿನ ಕೆಜಿಐಡಿ ಅದೇ. ಮೈಸೂರು ಸರ್ಕಾರದಲ್ಲಿದ್ದ ಜೆ.ಎಸ್. ಚಕ್ರವರ್ತಿ 1920ರಲ್ಲಿ ಮಳೆ ಕೈಕೊಟ್ಟರೆ ರೈತನಿಗೆ ಪರಿಹಾರ ಸಿಗುವ ವಿಮೆಯ ಬಗ್ಗೆ ಪುಸ್ತಕವನ್ನೇ ಬರೆದರು. 1973ರಲ್ಲಿ ಸಾಮಾನ್ಯ ವಿಮೆ ರಾಷ್ಟ್ರೀಕರಣವಾದ ಮೇಲೆ ಆ ದಶಕದಲ್ಲೇ ದನದ ವಿಮೆ ಬ್ಯಾಂಕ್ ಸಾಲದ ಜೊತೆಗೆ ಹಳ್ಳಿಗಳಿಗೆ ಬಂತು. ಹಸುವಿನ ಕಿವಿಗೆ ಒಂದು ಬಿಲ್ಲೆ. ಹಸು ಸತ್ತರೆ ಆ ಬಿಲ್ಲೆ ತೋರಿಸಬೇಕು. ಬಿಲ್ಲೆ ಕಳೆದರೆ ದುಡ್ಡಿಲ್ಲ. ಹಸುವಿಗೆ ಸಂತೆಯಲ್ಲಿ ಬೆಲೆ ಇರುತ್ತೆ, ಹಾಲಿನ ಲೆಕ್ಕ ಇರುತ್ತೆ, ಹಾಗಾಗಿ ಅಲ್ಲಿ ಬೆಲೆ ಕೇಳೋದು ನ್ಯಾಯವೇ.

ಸರ್ಕಾರಿ ಕಂಪನಿಗಳು ನಾಯಿ ವಿಮೆ ಮಾಡಿದಾಗ ಹಸುವಿನ ಅಳತೆಯ ಅಂಗಿಯನ್ನೇ ನಾಯಿಗೂ ತೊಡಿಸಿದವು. ಬೆಲೆ ಎಷ್ಟು, ಸತ್ತರೆ ಇಷ್ಟು. ಮುಧೋಳ ನಾಯಿಗೋ ಲ್ಯಾಬ್ರಡಾರಿಗೋ ಸರಿ. ಕರಿಯನಿಗೆ? ಅಮೆರಿಕದಲ್ಲಿ 1982ರಲ್ಲಿ ಟಿವಿಯ ಲ್ಯಾಸ್ಸಿ ನಾಯಿಗೆ ಮಾಡಿದ ಪಾಲಿಸಿಯಿಂದ ಆಸ್ಪತ್ರೆ ಖರ್ಚಿನ ವಿಮೆ ಹೆಸರು ಮಾಡಿತು. ನಮ್ಮಲ್ಲಿ ಖಾಸಗಿ ಕಂಪನಿಗಳ ಅಂಥ ಪಾಲಿಸಿಗಳು ಎದ್ದು ಕಂಡಿದ್ದು 2020ರಿಂದ ಈಚೆಗೆ. ಆಪರೇಷನ್, ಆಸ್ಪತ್ರೆ ವಾಸ, ನಾಯಿ ಕಳೆದುಹೋದರೆ, ಸತ್ತರೆ ಹೀಗೆ ಬೇರೆ ಬೇರೆ ಭಾಗ. ಕೆಲವರು ನಾಟಿ ನಾಯಿಯನ್ನೂ ಸೇರಿಸಿಕೊಳ್ಳುತ್ತಾರೆ. ಮೊದಲೇ ಇದ್ದ ಕಾಯಿಲೆಗೆ ಸಾಮಾನ್ಯವಾಗಿ ದುಡ್ಡಿಲ್ಲ. ಶುರುವಿನಲ್ಲಿ ಕಾಯುವ ಅವಧಿ ಇರುತ್ತೆ. ಹಾಕಿಸಬೇಕಾದ ಲಸಿಕೆ ಹಾಕಿಸದೆ ಆ ರೋಗ ಬಂದರೂ ದುಡ್ಡಿಲ್ಲ. ನನ್ನ ನಾಲ್ಕು ತಿಂಗಳು ನೆನಪಾಯ್ತು.

ಇಷ್ಟೆಲ್ಲದರ ನಡುವೆ ಮೂರನೆಯವರ ಹೊಣೆ ಅಂತ ಒಂದು ಭಾಗ ಇರುತ್ತೆ. ನಿಮ್ಮ ನಾಯಿ ಬೇರೆಯವರಿಗೆ ಕಚ್ಚಿ ನೀವು ಪರಿಹಾರ ಕೊಡಬೇಕಾಗಿ ಬಂದರೆ ಇಂತಿಷ್ಟರವರೆಗೆ ಕಂಪನಿ ಕೊಡುತ್ತೆ. ಏಜೆಂಟರು ಅದನ್ನು ಕೊನೇಲಿ, ಗಡಿಬಿಡೀಲಿ ಓದಿದರು. ನಾನು ವಿಮೆ ಮಾಡಿಸೋಕೆ ಹೊರಟಿದ್ದೇ ಅದಕ್ಕೆ. 1939ರ ಮೋಟಾರು ವಾಹನ ಕಾಯ್ದೆಯ ಕಾಲದಿಂದ ನಮ್ಮ ಗಾಡಿಗಳಿಗೆ ಈ ವಿಮೆ ಕಡ್ಡಾಯ. ಬರ್ಲಿನ್ ನಗರದಲ್ಲಿ ನಾಯಿ ಸಾಕುವವರಿಗೂ ಕಡ್ಡಾಯ. ಇಲ್ಲಿ ನಾಯಿಗೆ ಅದು ನಮ್ಮ ಇಷ್ಟ.

ಕಡ್ಡಾಯ ಇಲ್ಲ ಅಂದರೆ ಹೊಣೆಯೂ ಇಲ್ಲ ಅಂದುಕೊಳ್ಳಬೇಡಿ. ಸಾಕಿದ ಪ್ರಾಣಿಯಿಂದ ಜನರ ಜೀವಕ್ಕೆ ಅಪಾಯವಾಗದಂತೆ, ತೀವ್ರ ಗಾಯವಾಗದಂತೆ ನೋಡಿಕೊಳ್ಳದಿದ್ದರೆ ಹಳೇ ಕಲಂ 289ರಲ್ಲಿ ಆರು ತಿಂಗಳವರೆಗೆ ಜೈಲು ಅಥವಾ ಸಾವಿರ ರೂಪಾಯಿವರೆಗೆ ದಂಡ ಇತ್ತು. ಈಗ ಅದು ನ್ಯಾಯ ಸಂಹಿತೆಯ 291, ದಂಡ ಐದು ಸಾವಿರದವರೆಗೆ, ಇಲ್ಲವೇ ಜೈಲು-ದಂಡ ಎರಡೂ. ಪಾಲಿಸಿ ಇದೆ ಅಂತ ಈ ಕೇಸು ತಪ್ಪುವುದಿಲ್ಲ. ಕಚ್ಚಿಸಿಕೊಂಡವರು ಪರಿಹಾರಕ್ಕೆ ಸಿವಿಲ್ ದಾವೆ ಹಾಕೋದು ಬೇರೆ.

ಸರ್ಕಾರಗಳು ಇದನ್ನು ಎಣಿಕೆಯಿಂದ, ತಳಿಯಿಂದ ಸರಿ ಮಾಡೋಕೆ ನೋಡಿದವು. 2018ರಲ್ಲಿ ಆಗಿನ ಬಿಬಿಎಂಪಿ ಫ್ಲ್ಯಾಟಿಗೆ ಒಂದು ನಾಯಿ, ಸ್ವತಂತ್ರ ಮನೆಗೆ ಮೂರು ಅಂತ ನಿಯಮ ತಂದು, ಗಲಾಟೆಯಾಗಿ ಹಿಂದೆ ಸರಿಯಿತು. 2024ರ ಮಾರ್ಚಿನಲ್ಲಿ ಕೇಂದ್ರ ಸರ್ಕಾರ 23 ತಳಿಗಳನ್ನು ಕ್ರೂರ ಅಂತ ನಿಷೇಧಿಸಲು ಸುತ್ತೋಲೆ ಹೊರಡಿಸಿತು. ಸಂಬಂಧಪಟ್ಟವರ ಮಾತು ಕೇಳದೆ ಮಾಡಿದ್ದು ಅಂತ ಏಪ್ರಿಲ್‌ನಲ್ಲಿ ನಮ್ಮ ಹೈಕೋರ್ಟು ಅದನ್ನು ರದ್ದು ಮಾಡಿತು. ಆ ಪಟ್ಟಿಯಲ್ಲಿ ಕರಿಯನ ಜಾತಿ ಇರಲಿಲ್ಲ ಬಿಡಿ. ಆದರೂ ಕಚ್ಚಿದ್ದು ಅವನೇ, ಚಿಲಕ ಹಾಕದೆ ಇದ್ದದ್ದು ನಾನೇ.

*

ಹಳೆಗನ್ನಡದಲ್ಲಿ ವೈಹಾಳಿ ಅಂದರೆ ಕುದುರೆ ಸವಾರಿ. ಕಾವಲು ಅಂದರೆ ಮೇವಿಗೆ ಬಿಟ್ಟ ಹುಲ್ಲುಗಾವಲು. ನಮ್ಮ ವೈಯಾಲಿಕಾವಲಿನ ಹೆಸರು ಕೇಳಿದಾಗೆಲ್ಲ ನನಗೆ ಕುದುರೆ ಮೇಯುತ್ತಿದ್ದ ಬಯಲು ಕಣ್ಣಿಗೆ ಬರುತ್ತೆ. ಈಗ ಇಲ್ಲಿ ಬಯಲಿಲ್ಲ. ಗೇಟು ದಾಟಿದರೆ ರಸ್ತೆ, ರಸ್ತೆಯಲ್ಲಿ ಬೇರೆಯವರ ಮಕ್ಕಳು. ಪ್ರಾಣಿ ಸಾಕೋರು ಹೆಚ್ಚು ಎಚ್ಚರವಾಗಿರಬೇಕಾದ್ದು ಇಂಥ ಕಡೆಯೇ.

ಕೊನೆಗೆ ಪಾಲಿಸಿ ಮಾಡಿಸಿದೆ, ಮೂರನೆಯವರ ಹೊಣೆ ಸೇರಿಸಿ. ಬೆಲೆಯ ಕಾಲಮಿನಲ್ಲಿ ಏಜೆಂಟರೇ ಏನೋ ಒಂದು ಅಂಕಿ ಬರೆದುಕೊಂಡರು, ನಾನು ನೋಡಲಿಲ್ಲ. ಆ ಹುಡುಗನ ಆಸ್ಪತ್ರೆ ಓಡಾಟ, ಕೆಲಸಕ್ಕೆ ಹೋಗದ ದಿನಗಳ ದುಡ್ಡು ನನ್ನ ಜೇಬಿನಿಂದಲೇ ಕೊಟ್ಟೆ, ಅದು ಯಾವ ಪಾಲಿಸಿಗೂ ಮುಂಚಿನ ಸಾಲ. ಲಸಿಕೆ ಪುಸ್ತಕ ಈಗ ಗ್ಯಾಸ್ ಪುಸ್ತಕದ ಪಕ್ಕ ಮೊಳೆಗೆ ನೇತಾಡುತ್ತೆ. ಮುಂದಿನ ತಾರೀಖನ್ನು ಅಮ್ಮ ಕ್ಯಾಲೆಂಡರಿನಲ್ಲಿ ಕೆಂಪು ಶಾಯಿಯಲ್ಲಿ ಗುರುತು ಮಾಡಿದ್ದಾಳೆ.

ಹುಡುಗ ಈಗಲೂ ನಮ್ಮನೆಗೆ ಪೇಪರ್ ಹಾಕ್ತಾನೆ. ಒಳಗೆ ಬರೋದಿಲ್ಲ, ಗೇಟಿನ ಆಚೆಯಿಂದಲೇ ಎಸೀತಾನೆ. ಎಸೆಯೋ ಮುಂಚೆ ಒಂದು ಸಲ ಚಿಲಕದ ಕಡೆ ನೋಡ್ತಾನೆ.

ನಿಮ್ಮ ಮನೇಲೂ ಒಬ್ಬ ಕರಿಯ ಇದ್ದರೆ, ಇದನ್ನು ಓದಿ ಮುಗಿಸಿದ ಕೂಡಲೇ ಲಸಿಕೆ ಪುಸ್ತಕ ತೆಗೆದು ತಾರೀಖು ನೋಡಿ. ಹಾಗೇ ಎದ್ದು ಹೋಗಿ ಗೇಟಿನ ಚಿಲಕವನ್ನೂ.