ಮಳೆಗಾಲಕ್ಕೊಂದು ಸಂಕ

ಕರಾವಳಿಯ ಒಳನಾಡಿನಲ್ಲೂ ಮಲೆನಾಡಿನಲ್ಲೂ ಬಯಲುಸೀಮೆಯ ಹಾಗೆ ಮನೆಗಳು ಒತ್ತೊತ್ತಾಗಿ ಕೂತಿಲ್ಲ. ತೋಟಕ್ಕೊಂದು ಮನೆ, ಮನೆಗೂ ದಾರಿಗೂ ನಡುವೆ ಒಂದು ತೋಡು, ಅಂದರೆ ಸಣ್ಣ ಹಳ್ಳ. ಮಳೆಗಾಲದಲ್ಲಿ ಅದನ್ನು ದಾಟಲು ಮನೆಯವರೇ ಹಾಕಿಕೊಳ್ಳುತ್ತಿದ್ದುದು ಕಾಲುಸಂಕ. ಫಸಲು ನಿಂತ ಎರಡು ಮೂರು ಅಡಿಕೆ ಮರ ಕಡಿದು ದಡದಿಂದ ದಡಕ್ಕೆ ಮಲಗಿಸಿ ಬಿಗಿಯುವುದು, ಅಗಲ ಹೆಚ್ಚಿದ್ದರೆ ನಡುವೆ ಕವೆಗೂಟ ಕೊಡುವುದು, ಹಿಡಿಯಲು ಒಂದು ಬಿದಿರು ಕಟ್ಟುವುದು, ಅಷ್ಟೇ ಕೆಲಸ. ಅಡಿಕೆ ಮರದ ಹೊರಮೈ ಗಟ್ಟಿ, ತಿರುಳು ಮೆತ್ತಗೆ. ನೀರಿಳಿದರೆ ಒಳಗೆ ಕೊಳೆತರೂ ಮೇಲಕ್ಕೆ ಗಟ್ಟಿಯಾಗಿಯೇ ಕಾಣುತ್ತದೆ. ಸಂಕದ ನಿಜವಾದ ಅಪಾಯ ಇರುವುದು ಅಲ್ಲಿ.

ಬೇಗ ಹಾಳಾಗುವ ಇಂಥದನ್ನೇ ತಲೆಮಾರುಗಟ್ಟಲೆ ಕಟ್ಟಿದ್ದೇಕೆ? ಕಸಬು ತಿಳಿಯದೆ ಎನ್ನುವ ಮಾತು ನಿಲ್ಲುವುದಿಲ್ಲ. ಬಂಟ್ವಾಳ ತಾಲ್ಲೂಕಿನ ಮಾಣಿಲದಂಥ ಊರುಗಳಲ್ಲಿ ಕೃಷಿಕರು ಗುಡ್ಡ ಕೊರೆದು ಸುರಂಗದಿಂದ ನೀರು ತಂದಿದ್ದಾರೆ. ಬಡತನವೂ ಪೂರ್ತಿ ಉತ್ತರವಲ್ಲ, ಉಳ್ಳವರ ತೋಟದಲ್ಲೂ ಮರದ ಸಂಕಗಳಿದ್ದವು. ನನ್ನ ಮಟ್ಟಿಗೆ ಮೂಲ ಕಾರಣ ಒಡೆತನದ್ದು. ದಕ್ಷಿಣ ಕನ್ನಡದಲ್ಲಿ ಚಾಲಗೇಣಿಯ ಒಕ್ಕಲನ್ನು ಧಣಿ ಎಬ್ಬಿಸಬಹುದಿತ್ತು. ನಾಳೆ ಬಿಡಬೇಕಾದ ನೆಲಕ್ಕೆ ಯಾರು ಕಲ್ಲಿನ ಸೇತುವೆ ಕಟ್ಟಿಯಾರು? ಕಾಯಂ ಗೇಣಿ ಹಕ್ಕಿದ್ದ ಮೂಲಗೇಣಿಯವನಿಗೆ ಆ ಭಯವಿರಲಿಲ್ಲವಲ್ಲ ಎಂದು ಕೇಳಬಹುದು. ನಿಜ. ಆದರೆ ತೋಡು ಯಾರೊಬ್ಬರದೂ ಅಲ್ಲ, ಆಚೆ ದಡ ಹಲವು ಕಡೆ ಬೇರೆಯವರದು. ಒಬ್ಬನ ದುಡ್ಡಿನಲ್ಲಿ ನಾಲ್ಕು ಮನೆಯವರು ದಾಟುವ ಕಟ್ಟಡಕ್ಕೆ ಕೈ ಹಾಕುವುದು ಸುಲಭವಲ್ಲ. ಸಾಲದ್ದಕ್ಕೆ ನೆರೆಯಲ್ಲಿ ಬುಡಸಮೇತ ತೇಲಿಬರುವ ಮರಗಳು ಬೇರೆ. ಕೊಚ್ಚಿಹೋದರೆ ಮತ್ತೆ ಹಾಕಿದರಾಯಿತು ಎಂಬುದು ಸೋಮಾರಿತನವಲ್ಲ, ಲೆಕ್ಕಾಚಾರ. ಇದೇ ತೋಡಿಗೆ ಮಳೆ ನಿಂತ ಮೇಲೆ ಕಲ್ಲು ಮಣ್ಣಿನ ಕಟ್ಟ ಕಟ್ಟುವುದೂ ವರ್ಷವರ್ಷದ ಕೆಲಸವೇ ಆಗಿತ್ತು.

1974ರ ಭೂಸುಧಾರಣೆ ಒಕ್ಕಲಿಗೆ ಭೂಮಿಯ ಹಕ್ಕು ಕೊಟ್ಟಿತು. ಆಮೇಲೆ ಸಿಮೆಂಟು ಕೈಗೆಟುಕಿತು, ತೋಟದವರೆಗೆ ಜೀಪು ಬರಬೇಕಾಯಿತು, ಮೋರಿಗಳು ಬಂದವು. ದೊಡ್ಡ ಹೊಳೆಗೆ ಮಾತ್ರ ಮೋರಿ ಸಾಲದು. 1989ರಲ್ಲಿ ಸುಳ್ಯದ ಎಂಜಿನಿಯರ್ ಗಿರೀಶ್ ಭಾರದ್ವಾಜ್ ಅರಂಬೂರಿನಲ್ಲಿ ಪಯಸ್ವಿನಿಗೆ ತೂಗುಸೇತುವೆ ಕಟ್ಟಿದರು. ಮುಂದೆ ಅಂಥವನ್ನು ನೂರಕ್ಕೂ ಹೆಚ್ಚು ಕಟ್ಟಿ 2017ರಲ್ಲಿ ಪದ್ಮಶ್ರೀ ಪಡೆದರು.

ಕಾಲು ಜಾರಿದ ಮಕ್ಕಳ ಜೀವ ತೆಗೆಯುವ ಮರದ ಸಂಕವನ್ನು ಜಾಣತನವೆಂದು ಹೊಗಳುವುದೇ ಎಂಬ ಆಕ್ಷೇಪ ಬರುತ್ತದೆ, ಬರಲೇಬೇಕು. ಯಾವ ಮರ ಕೊಳೆತಿದೆ, ಎಲ್ಲಿ ಪಾಚಿ ಕಟ್ಟಿದೆ ಎಂದು ಬಲ್ಲ ಮನೆಯವರು ದಾಟುವವರೆಗೆ ಆ ಲೆಕ್ಕಾಚಾರ ಸರಿಯಿತ್ತು. ಬೆನ್ನಿಗೆ ಚೀಲ ಹೊತ್ತ ಶಾಲೆಯ ಮಗು ದಾಟತೊಡಗಿದ ದಿನವೇ ಅದು ಖಾಸಗಿ ಸಂಕವಾಗಿ ಉಳಿಯಲಿಲ್ಲ, ಸಾರ್ವಜನಿಕ ರಸ್ತೆಯಾಯಿತು. ಅದರ ಖರ್ಚು ಹೊರಬೇಕಾದ್ದು ಸರ್ಕಾರ, ತೋಟದ ಯಜಮಾನನಲ್ಲ.