ಬಾಣಂತಿ ಕೋಣೆಯಿಂದ ಆಪರೇಷನ್ ಕೋಣೆಗೆ

ನಮ್ಮ ಮಂಡಿಕಲ್ ಕಡೆ ಮಗು ಸೀಳು ತುಟಿ ಇಟ್ಕೊಂಡು ಹುಟ್ಟಿದ್ರೆ "ಗ್ರಹಣ ಹಿಡಿದೈತೆ" ಅಂತಿದ್ರು. ಬಸುರಿ ಗ್ರಹಣದ ಹೊತ್ತಲ್ಲಿ ಹೊರಗೆ ಬಂದಿರಬೇಕು, ಈಳಿಗೆಮಣೆ ಮುಟ್ಟಿರಬೇಕು ಅಂತ ತಪ್ಪೆಲ್ಲ ತಾಯಿ ತಲೆ ಮೇಲೆ. ಕಾಲು ಸೊಟ್ಟಗಿದ್ರೆ ಪೂರ್ವಜನ್ಮದ ಕರ್ಮ. ಕುಡಿದ ಹಾಲೆಲ್ಲ ಕಕ್ಕಿದ್ರೆ ದೃಷ್ಟಿ, ನಿವಾಳಿಸಿ ಹಾಕು. ಹೊಟ್ಟೆ ಉಬ್ಬಿದ್ರೆ ಬರೆ ಎಳಿ. ಹಳೇ ಕಾಲದ ಹೆಂಗಸರನ್ನ "ಎಷ್ಟು ಮಕ್ಕಳಮ್ಮ" ಅಂತ ಕೇಳಿದ್ರೆ ಹೆತ್ತ ಲೆಕ್ಕ ಒಂದು, ಉಳಿದ ಲೆಕ್ಕ ಇನ್ನೊಂದು ಹೇಳ್ತಿದ್ರು. ನಡುವೆ ಕಳೆದುಹೋದವು ಯಾಕೆ ಹೋದವು ಅಂತ ಅವರಿಗೆ ಯಾರೂ ಹೇಳಿರಲಿಲ್ಲ.

ಅವರನ್ನ ನಾವು ಹಳ್ಳಿಗುಗ್ಗುಗಳು ಅಂತ ನಗೋದು ಬೇಡ. ಆವಾಗ ದೊಡ್ಡ ದೊಡ್ಡ ದೇಶದ ಡಾಕ್ಟರಿಗೂ ಇದರಲ್ಲಿ ಮುಕ್ಕಾಲು ಪಾಲು ಗೊತ್ತಿರಲಿಲ್ಲ. ಎಳೇ ಮಗೀಗೆ ಕತ್ತರಿ ಮುಟ್ಟಿಸೋದು ಅಂದ್ರೆ ಅವರೂ ಹೆದರ್ತಿದ್ರು.

ನಮ್ಮ ಸೀಮೆ ಕಥೆಯನ್ನೇ ಮೊದಲು ನೋಡೋಣ. ಬೆಂಗಳೂರಿನ ವಿಕ್ಟೋರಿಯಾ ಆಸ್ಪತ್ರೆಗೆ 1897ರಲ್ಲಿ ಮಹಾರಾಣಿ ಕೆಂಪನಂಜಮ್ಮಣ್ಣಿಯವರು ಅಡಿಗಲ್ಲು ಹಾಕಿದ್ರು, 1900ರಲ್ಲಿ ಬಾಗಿಲು ತೆರೀತು. ಹೆಂಗಸರು ಮಕ್ಕಳಿಗೇ ಅಂತ ಪಕ್ಕದಲ್ಲಿ ವಾಣಿವಿಲಾಸ ಆಸ್ಪತ್ರೆ ಆದದ್ದು 1935ರಲ್ಲಿ. ಇತ್ತ ಚಿಕ್ಕಬಳ್ಳಾಪುರದಲ್ಲಿ ಲಂಡನ್ ಮಿಷನ್‌ನವರು ಒಂದು ಆಸ್ಪತ್ರೆ ಕಟ್ಟಿದ್ರು. ಈಗ ನಾವು ಸಿ.ಎಸ್.ಐ. ಆಸ್ಪತ್ರೆ ಅನ್ನೋದು ಅದನ್ನೇ. ಗಾಡಿ ಕಟ್ಟಿಕೊಂಡು ಅಲ್ಲಿಗೆ ಹೋಗೋರಿಗೆ ಅದೇ ದೊಡ್ಡ ಧೈರ್ಯ.

ಆದ್ರೆ ಆಸ್ಪತ್ರೆ ಇದ್ದ ಮಾತ್ರಕ್ಕೆ ಆಗಲ್ಲ, ವಿದ್ಯೆ ಬರಬೇಕು. ಅದು ಒಂದೊಂದಾಗಿ ಬಂತು. ಮೂರ್ನಾಲ್ಕು ವಾರದ ಕೂಸು ಹಾಲು ಕುಡಿದ ತಕ್ಷಣ ಚಿಲುಮೆ ಹಂಗೆ ದೂರಕ್ಕೆ ಕಕ್ಕಿ, ಮತ್ತೆ ಹಸಿವು ಅಂತ ಅಳೋದುಂಟಲ್ಲ, ಅದು ಜಠರದ ಬಾಯಿ ಬಿಗಿದುಕೊಂಡು ಆಗೋದು. ಬಿಗಿದ ಸ್ನಾಯುವನ್ನ ಮೇಲಿಂದ ಸೀಳಿ ಹಂಗೇ ಬಿಟ್ರೆ ಸಾಕು ಅಂತ ಜರ್ಮನಿಯ ರಾಮ್‌ಸ್ಟೆಡ್ 1912ರಲ್ಲಿ ತೋರಿಸಿಕೊಟ್ಟ. ಇವತ್ತಿಗೂ ಅದೇ ಆಪರೇಷನ್.

ಹುಟ್ಟಿದ ಎರಡು ದಿನ ಆದ್ರೂ ಕಪ್ಪು ಮಲ ಹೋಗದೆ ಹೊಟ್ಟೆ ಉಬ್ಬೋ ಒಂದು ಕಾಯಿಲೆಯನ್ನ ಡೆನ್ಮಾರ್ಕಿನ ಮಕ್ಕಳ ಡಾಕ್ಟರು ಹರ್ಷ್‌ಸ್ಪ್ರುಂಗ್ 1880ರ ದಶಕದಲ್ಲೇ ಬರೆದಿಟ್ಟಿದ್ದ. ಕರುಳಿನ ಕೊನೇ ಭಾಗದಲ್ಲಿ ನರ ಇರಲ್ಲ, ಅದಕ್ಕೇ ಮಲ ಮುಂದಕ್ಕೆ ತಳ್ಳಲ್ಲ. ಆ ತುಂಡು ತೆಗೆದು ಒಳ್ಳೇ ಕರುಳನ್ನ ಕೆಳಕ್ಕೆ ಎಳೆದು ಜೋಡಿಸೋ ಆಪರೇಷನ್ನನ್ನ ಅಮೆರಿಕದ ಸ್ವೆನ್ಸನ್ 1948ರಲ್ಲಿ ಪ್ರಕಟಿಸಿದ. ಕಾಯಿಲೆ ಬರೆದಿಟ್ಟಿದ್ದಕ್ಕೂ ದಾರಿ ಸಿಕ್ಕಿದ್ದಕ್ಕೂ ನಡುವೆ ಅರವತ್ತು ವರ್ಷ. ಆ ಅರವತ್ತು ವರ್ಷ ನಮ್ಮಲ್ಲಿ ಹರಳೆಣ್ಣೆ ನೆಕ್ಕಿಸಿ, ಹೊಟ್ಟೆಗೆ ಬರೆ ಹಾಕಿ ಕಾದ್ರು ಅಂದ್ರೆ ಆಶ್ಚರ್ಯವೇನು?

ಸೊಟ್ಟ ಪಾದದ ಕಥೆ ಸಮಾಧಾನದ್ದು. ದೊಡ್ಡ ಆಪರೇಷನ್ನೇ ಬೇಡ, ಹುಟ್ಟಿದ ಮೊದಲ ವಾರಗಳಿಂದ್ಲೇ ವಾರಕ್ಕೊಂದು ಪಟ್ಟಿ ಹಾಕಿ ಮೆಲ್ಲಗೆ ತಿರುಗಿಸ್ತಾ ಬಂದ್ರೆ ಕಾಲು ನೆಟ್ಟಗಾಗುತ್ತೆ ಅಂತ ಅಮೆರಿಕದ ಅಯೋವಾದಲ್ಲಿದ್ದ ಪೊನ್ಸೆಟಿ ಅನ್ನೋ ಡಾಕ್ಟರು ಕಂಡುಕೊಂಡ. ಹಿಮ್ಮಡಿ ಹತ್ರ ಒಂದು ಸಣ್ಣ ಗೀರು, ಆಮೇಲೆ ನಾಲ್ಕು ವರ್ಷದವರೆಗೆ ರಾತ್ರಿ ಮಲಗುವಾಗ ವಿಶೇಷ ಬೂಟು. ಬೂಟು ತಪ್ಪಿಸಿದ್ರೆ ಕಾಲು ಮತ್ತೆ ತಿರುಗುತ್ತೆ. ಹಾಗಾಗಿ ಇದರಲ್ಲಿ ಅರ್ಧ ಕೆಲಸ ಡಾಕ್ಟರದು, ಅರ್ಧ ತಾಯೀದು.

ಹೃದಯದ ಕಡೆ ಮೊದಲ ಬಾಗಿಲು 1938ರಲ್ಲಿ ಬಾಸ್ಟನ್ನಿನಲ್ಲಿ ತೆರೀತು. ಗ್ರಾಸ್ ಅನ್ನೋ ಯುವ ಡಾಕ್ಟರು, ಹುಟ್ಟಿದ ಮೇಲೆ ಮುಚ್ಚಬೇಕಾದ ಒಂದು ರಕ್ತನಾಳ ಮುಚ್ಚದೆ ಉಳಿದಿದ್ದ ಏಳು ವರ್ಷದ ಹುಡುಗಿಗೆ ಅದನ್ನ ಕಟ್ಟಿ ಉಳಿಸಿದ. ನಮ್ಮ ದೇಶದ ಮಕ್ಕಳ ಸರ್ಜನ್‌ಗಳು ತಮ್ಮದೇ ಸಂಘ ಕಟ್ಟಿಕೊಂಡದ್ದು 1965ರಲ್ಲಿ. 1991ರಲ್ಲಿ ಬೆಂಗಳೂರಲ್ಲಿ ನಿಮ್ಹಾನ್ಸ್ ಪಕ್ಕ ಇಂದಿರಾ ಗಾಂಧಿ ಮಕ್ಕಳ ಆರೋಗ್ಯ ಸಂಸ್ಥೆ ಆಯ್ತು. ಅದೇ ವರ್ಷ ನಮ್ಮ ಗಡಿಯಾಚೆ ಪುಟ್ಟಪರ್ತಿಯಲ್ಲಿ ಕಾಸು ಕೇಳದ ದೊಡ್ಡಾಸ್ಪತ್ರೆ ಶುರುವಾಗಿ ಹೃದಯದ ಆಪರೇಷನ್ ಮಾಡೋಕೆ ಹತ್ತಿತು. ಗೌರಿಬಿದನೂರು, ಬಾಗೇಪಲ್ಲಿ ಕಡೆಯವರಿಗೆ ಅದು ಬೆಂಗಳೂರಿಗಿಂತ ಏನೂ ದೂರ ಅಲ್ಲ.

ಈಗ ನಾನು ಮುಖ್ಯವಾಗಿ ಹೇಳಬೇಕು ಅಂತಿರೋ ಮಾತು. ಇಷ್ಟೆಲ್ಲ ವಿದ್ಯೆ ಬಂದ ಮೇಲೂ ಮಗು ಉಳಿಯೋದು ಬಿಡೋದು ತಾರೀಖಿನ ಮೇಲೆ ನಿಂತಿದೆ. ಕಾಮಾಲೆಯನ್ನೇ ತಗೊಳ್ಳಿ. ಎಷ್ಟೋ ಮಕ್ಕಳಿಗೆ ಹುಟ್ಟಿದ ವಾರದಲ್ಲಿ ಮೈ ಹಳದಿಯಾಗಿ ತಾನಾಗೇ ಹೋಗುತ್ತೆ. ಆದ್ರೆ ಎರಡು ವಾರ ದಾಟಿದ್ರೂ ಹಳದಿ ಇಳೀದೆ, ಮಲ ಸುಣ್ಣದ ಹಂಗೆ ಬೆಳ್ಳಗಿದ್ದು, ಉಚ್ಚೆ ಬಟ್ಟೆಗೆ ಹಳದಿ ಕಲೆ ಮಾಡ್ತಿದ್ರೆ ಪಿತ್ತನಾಳ ಮುಚ್ಚಿಕೊಂಡಿರಬಹುದು. ಕರುಳನ್ನೇ ತಂದು ಈಲಿಗೆ ಜೋಡಿಸಿ ಪಿತ್ತಕ್ಕೆ ದಾರಿ ಮಾಡೋ ಆಪರೇಷನ್ನನ್ನ ಜಪಾನಿನ ಕಸಾಯಿ 1950ರ ದಶಕದಲ್ಲಿ ಕಂಡುಹಿಡಿದ. ಅದು ಅರವತ್ತು ದಿನದೊಳಗೆ ಆದ್ರೆ ಚೆನ್ನಾಗಿ ಫಲ ಕೊಡುತ್ತೆ. ತಡ ಆದಷ್ಟೂ ಈಲಿ ಗಟ್ಟಿಯಾಗಿ ಕೈ ಮೀರುತ್ತೆ.

ನಮ್ಮ ಬಾಣಂತನದ ಲೆಕ್ಕ ಎಷ್ಟು? ಮೂರು ತಿಂಗಳು ಹೊಸ್ತಿಲು ದಾಟಂಗಿಲ್ಲ, ಗಾಳಿ ಸೋಕಂಗಿಲ್ಲ, ಹೊರಗಿನವರ ಕಣ್ಣು ಬೀಳಂಗಿಲ್ಲ. ಕಾಮಾಲೆ ಅಂದ್ರೆ ಸೊಪ್ಪಿನ ರಸ, ಇಲ್ಲಾಂದ್ರೆ ತೋಳಿಗೆ ಬರೆ. ಆ ಅರವತ್ತು ದಿನ ಬಾಣಂತಿ ಕೋಣೆ ಒಳಗೇ ಮುಗಿದುಹೋಗುತ್ತೆ! ಬೆಚ್ಚಗಿಟ್ಟು ಕಾಪಾಡೋಕೆ ಹಿರಿಯರು ಮಾಡಿದ ಪದ್ಧತಿ ಅದು, ಇಂಥ ಮಗುವನ್ನ ಬಚ್ಚಿಡೋಕೆ ಅಲ್ಲ. ಶಾಲು ಸುತ್ತಿಕೊಂಡು ಪೇರೇಸಂದ್ರ ಕ್ರಾಸಿಗೆ ಬಂದು ಬಸ್ಸು ಹತ್ತಿದ್ರೆ ಬಾಣಂತನ ಕೆಡಲ್ಲ.

ಇದೇ ಥರ ಇನ್ನೂ ಕೆಲವು. ಎಳೇ ಕೂಸು ಹಸಿರು ಬಣ್ಣಕ್ಕೆ ವಾಂತಿ ಮಾಡಿದ್ರೆ ಕರುಳು ತಿರುಚಿಕೊಂಡಿರಬಹುದು, ಬೆಳಗಾಗಲಿ ಅನ್ನಂಗಿಲ್ಲ. ಆರು ತಿಂಗಳು, ವರ್ಷದ ಮಗು ಕಾಲು ಮಡಚಿಕೊಂಡು ಬಿಟ್ಟು ಬಿಟ್ಟು ಕಿರುಚಿ, ಕೆಂಪು ಜೆಲ್ಲಿ ಥರ ಮಲ ಹೋದ್ರೆ ಕರುಳೊಳಗೆ ಕರುಳು ಸೇರಿಕೊಂಡಿರುತ್ತೆ. ಬೇಗ ಹೋದ್ರೆ ಎಷ್ಟೋ ಸಲ ಕೊಯ್ಯದೇ ಹಿಂದಕ್ಕೆ ತಳ್ತಾರೆ. ಹೊಕ್ಕಳು ಉಬ್ಬಿದ್ರೆ ನಾವು ನಾಣ್ಯ ಇಟ್ಟು ಕಟ್ತೀವಿ. ನಾಣ್ಯ ಬೇಕಿಲ್ಲ, ಬಹಳಷ್ಟು ನಾಲ್ಕೈದು ವರ್ಷದೊಳಗೆ ತಾನಾಗೇ ಮುಚ್ಚುತ್ತವೆ. ತೊಡೆಸಂದಿನ ಉಬ್ಬು ಮಾತ್ರ ಹಂಗಲ್ಲ, ಅದಕ್ಕೆ ಆಪರೇಷನ್ನೇ ಆಗಬೇಕು. ಅದು ಗಟ್ಟಿಯಾಗಿ ನೋವಾದ್ರೆ ಆವತ್ತೇ ಓಡಬೇಕು. ಗಂಡು ಮಗೀಗೆ ಬೀಜ ಇಳಿದಿಲ್ಲ ಅಂದ್ರೆ ಆರು ತಿಂಗಳು ಕಾದು ತೋರಿಸಿ, ಮದುವೆ ವಯಸ್ಸಿನವರೆಗೆ ಮುಚ್ಚಿಡಬೇಡಿ.

ದುಡ್ಡಿನ ಚಿಂತೆಗೂ ದಾರಿಗಳಾಗಿವೆ. ಸಹಕಾರ ಸಂಘದವರಿಗೆ ಅಂತ ಯಶಸ್ವಿನಿ ಬಂದದ್ದು 2003ರಲ್ಲಿ, ಆಗ ತಿಂಗಳಿಗೆ ಐದು ರೂಪಾಯಿ. 2013ರಿಂದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ಡಾಕ್ಟರು ಅಂಗನವಾಡಿಗೂ ಶಾಲೆಗೂ ಬಂದು ಸೀಳು ತುಟಿ, ಸೊಟ್ಟ ಕಾಲು, ಹೃದಯದ ತೊಂದರೆ ಎಲ್ಲ ನೋಡ್ತಾರೆ. 2018ರಿಂದ ಆರೋಗ್ಯ ಕರ್ನಾಟಕ ಇದೆ. ಆ ತಂಡ ಬರೋ ದಿನ "ಮಗು ಮಲಗಿದೆ" ಅಂತ ಒಳಗಿಟ್ಟುಕೊಳ್ಳಬೇಡಿ, ಎಬ್ಬಿಸಿಕೊಂಡು ಹೋಗಿ.

ಡಾಕ್ಟರು ಮಗುವನ್ನ ನೋಡೋದು ಹತ್ತು ನಿಮಿಷ. ಬೆಳಗ್ಗೆ ಎಣ್ಣೆ ಒತ್ತಿ ನೀರು ಹಾಕೋ ಅಜ್ಜಿ, ದಿನಕ್ಕೆ ಹತ್ತು ಸಲ ಬಟ್ಟೆ ಬದಲಾಯಿಸೋ ತಾಯಿ ಅದಕ್ಕಿಂತ ಮೊದಲೇ ಎಲ್ಲ ನೋಡಿರ್ತಾರೆ. ಬಟ್ಟೆ ಒಗೆಯೋಕೆ ಹಾಕೋ ಮುಂಚೆ ಮಲದ ಬಣ್ಣ ನೋಡಿ, ಬೆಳ್ಳಗೆ ಕಂಡ್ರೆ ಆವತ್ತಿನ ತಾರೀಖು ಬರೆದಿಟ್ಟುಕೊಂಡು ಆ ಬಟ್ಟೆ ಸಮೇತ ಆಸ್ಪತ್ರೆಗೆ ಹೊರಡಿ.